ಸೆರಗಿಗೆ ಇಬ್ಬರು ಕಾವಲುಗಾರರು

ಬೆಳಗಿನ ಎಂಟರ ಹೊತ್ತಿಗೆ ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರುಗಳ ಬಸ್ ನಿಲ್ದಾಣಗಳಲ್ಲಿ ನಿಂತು ನೋಡುವವರಿಗೆ ಒಂದು ಬದಲಾವಣೆ ಕಾಣದಿರದು. ಹೆಗಲಿಗೆ ಚೀಲ, ಕೈಯಲ್ಲಿ ಬುತ್ತಿಡಬ್ಬಿ ಹಿಡಿದು ಕೆಲಸಕ್ಕೆ ಹೊರಟ ಮುಸ್ಲಿಮ್ ಮಹಿಳೆಯರು ಅಲ್ಲಿ ಈಗ ಅಪರೂಪವಲ್ಲ. 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಬಳಿಕ ಬಸ್ಸಿನ ಖರ್ಚೆಂಬ ನೆಪವೂ ಇಲ್ಲವಾಗಿದೆ. ಇವರಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯರ ಕುರಿತು ನಾವು ಸಾಕಷ್ಟು ಮಾತನಾಡಿದ್ದೇವೆ. ಇಪ್ಪತ್ತು, ಇಪ್ಪತ್ತೈದು ವರ್ಷ ದುಡಿದು ಮುಖ್ಯೋಪಾಧ್ಯಾಯಿನಿ, ಹಿರಿಯ ಶುಶ್ರೂಷಕಿ, ಬ್ಯಾಂಕ್ ಅಧಿಕಾರಿ, ಅಂಗನವಾಡಿ ಮೇಲ್ವಿಚಾರಕಿಯ ಸ್ಥಾನಕ್ಕೇರಿದ ಹಿರಿಯ ಸಹೋದರಿಯರ ಕುರಿತು ಮಾತ್ರ ಯಾರೂ ಮಾತನಾಡುವುದಿಲ್ಲ. ಆಕೆ ಮನೆಯಿಂದ ಹೊರಡುವಾಗ ಕನ್ನಡಿಯ ಮುಂದೆ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾಗುತ್ತದೆ. ಕಚೇರಿಯವರು ಏನೆಂದಾರು? ಮೊಹಲ್ಲಾದವರು ಏನೆಂದಾರು? ತನಗೆ ಯಾವುದು ಸರಿ ಎಂಬ ಮೂರನೆಯ ಪ್ರಶ್ನೆ ಕೇಳಿಕೊಳ್ಳಲು ಬಸ್ಸಿನ ವೇಳೆ ಮೀರಿರುತ್ತದೆ.

ಹುಬ್ಬಳ್ಳಿ, ಬೆಂಗಳೂರುಗಳ ಖಾಸಗಿ ಕಚೇರಿಗಳಲ್ಲಿ ‘ಬಿಸಿನೆಸ್ ಕ್ಯಾಶುವಲ್’ ಎಂಬ ಮಾತು ರೂಢಿಯಲ್ಲಿದೆ. ಕೋಟು, ಟೈಗಳ ಬಿಗುವೂ ಬೇಡ, ಮನೆಯುಡುಪಿನ ಸಡಿಲವೂ ಬೇಡ ಎಂಬುದು ಅದರ ಸಾರಾಂಶ. ಕೇಳಲು ಉದಾರವಾದ ಮಾತು. ಪುರುಷರಿಗೆ ಅದು ನಿಜಕ್ಕೂ ಉದಾರವೇ. ಅವರು ಕಾಲರಿನ ಅಂಗಿಯೊಂದನ್ನು ತೊಟ್ಟು ಬಂದರೆ ಅಲ್ಲಿಗೆ ಚರ್ಚೆ ಮುಗಿಯುತ್ತದೆ. ಮಹಿಳೆಗೆ, ಅದರಲ್ಲೂ ಹಿರಿಯ ಸ್ಥಾನದಲ್ಲಿರುವವಳಿಗೆ, ಈ ಮಾತಿನ ಅರ್ಥವನ್ನು ಯಾರೂ ಬಿಡಿಸಿ ಹೇಳುವುದಿಲ್ಲ. ಸೀರೆಯುಟ್ಟರೆ ಹಳೆಯ ಕಾಲದವಳು, ಸಲ್ವಾರ್ ತೊಟ್ಟರೆ ವಯಸ್ಸಿಗೆ ತಕ್ಕುದಲ್ಲ, ತಲೆಗೆ ವಸ್ತ್ರ ಸುತ್ತಿದರೆ ‘ಗ್ರಾಹಕರ ಎದುರಿಗೆ ಸರಿಹೋಗದು’. ನಿಯಮ ಬರಹದಲ್ಲಿ ಇಲ್ಲದಿರುವಾಗ ಮೇಲಧಿಕಾರಿಯ ಅಭಿರುಚಿಯೇ ನಿಯಮವಾಗುತ್ತದೆ. ಬರೆದ ನಿಯಮವನ್ನು ಪ್ರಶ್ನಿಸಬಹುದು, ನ್ಯಾಯಾಲಯದ ಮುಂದಿಡಬಹುದು. ಮುಖಭಾವದಲ್ಲಿ ವ್ಯಕ್ತವಾಗುವ ನಿಯಮವನ್ನು ಪ್ರಶ್ನಿಸುವುದು ಹೇಗೆ? ಬಡ್ತಿ ಕೈತಪ್ಪಿದ್ದಕ್ಕೆ ಕಾರಣ ಉಡುಪೆಂದು ಯಾವ ಕಡತದಲ್ಲೂ ಬರೆದಿರುವುದಿಲ್ಲ.

ಸರಕಾರಿ ಕಚೇರಿಗಳಲ್ಲಿ ಸ್ಥಿತಿ ಭಿನ್ನವಾಗಿದೆಯೆಂದು ಭಾವಿಸಿದ್ದವರ ಭ್ರಮೆಯನ್ನು 2022 ಕಳಚಿತು. ಆ ವರ್ಷದ ಫೆಬ್ರವರಿ 5ರಂದು ರಾಜ್ಯ ಸರಕಾರ 1983ರ ಕರ್ನಾಟಕ ಶಿಕ್ಷಣ ಕಾಯ್ದೆಯಡಿ ಸಮವಸ್ತ್ರದ ಆದೇಶ ಹೊರಡಿಸಿತು. ಆಗ ಮುಖ್ಯಮಂತ್ರಿಯಾಗಿದ್ದವರು 2008ರಿಂದ ಶಿಗ್ಗಾವಿ ಕ್ಷೇತ್ರವನ್ನು ಪ್ರತಿನಿಧಿಸುತ್ತಿದ್ದ ಬಸವರಾಜ ಬೊಮ್ಮಾಯಿಯವರು. ಶಿಗ್ಗಾವಿ, ಸವಣೂರುಗಳ ಮುಸ್ಲಿಮರು ನಿತ್ಯ ನೋಡುತ್ತಿದ್ದ ತಮ್ಮ ಶಾಸಕರ ಸರಕಾರವೇ ತಮ್ಮ ಹೆಣ್ಣುಮಕ್ಕಳ ತಲೆವಸ್ತ್ರವನ್ನು ರಾಜ್ಯದ ಸಮಸ್ಯೆಯನ್ನಾಗಿ ಮಾಡಿತು. ಆದರೆ ಆ ಆದೇಶದ ವಿಷಯ ವಿದ್ಯಾರ್ಥಿಗಳ ಸಮವಸ್ತ್ರ. ಫೆಬ್ರವರಿ 10ರ ಹೈಕೋರ್ಟಿನ ಮಧ್ಯಂತರ ಆದೇಶವೂ ವಿದ್ಯಾರ್ಥಿಗಳ ಕುರಿತಾದುದು, ಅದೂ ಸಮವಸ್ತ್ರ ನಿಗದಿಯಾದ ಸಂಸ್ಥೆಗಳಿಗಷ್ಟೇ ಸೀಮಿತವಾದುದು. ಹಾಗಿದ್ದೂ ಶಾಲೆಯ ಗೇಟಿನ ಹೊರಗೆ ಶಿಕ್ಷಕಿಯರು ತಲೆವಸ್ತ್ರ ತೆಗೆಯಬೇಕಾಗಿ ಬಂದ ದೃಶ್ಯಗಳನ್ನು ನಾಡೆಲ್ಲ ನೋಡಿತು. ತುಮಕೂರಿನಲ್ಲಿ ಉಪನ್ಯಾಸಕಿಯೊಬ್ಬರು ರಾಜೀನಾಮೆ ಕೊಟ್ಟು ಹೊರನಡೆದರು. ಆ ವರ್ಷದ ಪರೀಕ್ಷೆಗಳ ಸಂದರ್ಭದಲ್ಲಿ, ಹಿಜಾಬ್ ಧರಿಸುವುದಾಗಿ ಪಟ್ಟು ಹಿಡಿದ ಶಿಕ್ಷಕಿಯರನ್ನು ಪರೀಕ್ಷಾ ಕರ್ತವ್ಯಕ್ಕೆ ನಿಯೋಜಿಸುವುದಿಲ್ಲವೆಂದು ಸರಕಾರ ಹೇಳಿತು. ವಿದ್ಯಾರ್ಥಿನಿಗೆ ಇಲ್ಲದ ಅವಕಾಶ ಶಿಕ್ಷಕಿಗೆ ಇರುವುದು ನೈತಿಕವಲ್ಲವೆಂಬುದು ಅದರ ಸಮರ್ಥನೆ. ಕಾನೂನಿನಲ್ಲಿ ಇಲ್ಲದುದನ್ನು ‘ನೈತಿಕತೆ’ಯ ಹೆಸರಿನಲ್ಲಿ ತುಂಬಿಸುವುದು ಎಷ್ಟು ಸುಲಭ! ಮೇಲಧಿಕಾರಿಯ ಅಭಿರುಚಿ ಇಲ್ಲಿ ಮಂತ್ರಿಯ ಅಭಿರುಚಿಯಾಗಿತ್ತು, ಅಷ್ಟೇ.

ಮಾರ್ಚ್ 15ರಂದು ಹೈಕೋರ್ಟು, ಹಿಜಾಬ್ ಇಸ್ಲಾಮಿನ ಅತ್ಯವಶ್ಯ ಆಚರಣೆಯಲ್ಲವೆಂದು ತೀರ್ಪಿತ್ತಿತು. ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ಕೊಟ್ಟರು. ನ್ಯಾಯಮೂರ್ತಿ ಹೇಮಂತ್ ಗುಪ್ತಾ ಹೈಕೋರ್ಟಿನ ತೀರ್ಪನ್ನು ಎತ್ತಿಹಿಡಿದರು. ನ್ಯಾಯಮೂರ್ತಿ ಸುಧಾಂಶು ಧೂಲಿಯಾ ಇದು ಕೊನೆಗೂ ಆಯ್ಕೆಯ ಪ್ರಶ್ನೆಯೆಂದರು. 2023ರ ಡಿಸೆಂಬರ್‌ನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹಳೆಯ ಆದೇಶವನ್ನು ಹಿಂಪಡೆಯುವ ಮಾತನ್ನಾಡಿದರು. ಮರುದಿನವೇ ಅದು ಪರಿಶೀಲನೆಯಲ್ಲಿದೆ ಎಂಬ ಧಾಟಿಗೆ ಇಳಿದರು. ಒಬ್ಬರಿಗೆ ನಮ್ಮ ತಲೆವಸ್ತ್ರ ಓಟು ಒಗ್ಗೂಡಿಸುವ ಸಾಧನವಾದರೆ ಇನ್ನೊಬ್ಬರಿಗೆ ಓಟು ಕಳೆದೀತೆಂಬ ಭಯ. ಇಬ್ಬರ ಲೆಕ್ಕದಲ್ಲೂ ಅದನ್ನು ತೊಟ್ಟು ದುಡಿಯುವ ಹೆಣ್ಣಿನ ಸಂಬಳ, ಬಡ್ತಿ, ಗೌರವಗಳಿಗೆ ಸ್ಥಾನವಿಲ್ಲ. 2024ರ ನವೆಂಬರ್‌ನ ಉಪಚುನಾವಣೆಯಲ್ಲಿ ಶಿಗ್ಗಾವಿಯಿಂದ ಯಾಸಿರ್ ಅಹ್ಮದ್ ಖಾನ್ ಪಠಾಣ್ ಗೆದ್ದಾಗ ನಮ್ಮವರು ಹಾರ ಹಾಕಿ ಸಂಭ್ರಮಿಸಿದರು. ಆ ಸಂಭ್ರಮದ ನಡುವೆ ಈ ಪ್ರಶ್ನೆಯನ್ನು ಅವರ ಮುಂದಿಡಬೇಕೆಂದು ಎಷ್ಟು ಮಂದಿಗೆ ತೋಚಿತು?

ಉಡುಪಿನ ನಿಯಮವೇ ಇರಬಾರದೆಂಬುದು ನಮ್ಮ ವಾದವಲ್ಲ. ಕೆಲಸದ ಸ್ಥಳಕ್ಕೆ ಶಿಸ್ತು ಬೇಕು. ಆದರೆ ಶಿಸ್ತಿನೊಳಗೆ ಆಯ್ಕೆಗೆ ಜಾಗವಿರಲು ಸಾಧ್ಯವೆಂಬುದಕ್ಕೆ ನಮ್ಮ ದೇಶದಲ್ಲೇ ನಿದರ್ಶನಗಳಿವೆ. ವಕೀಲರ ಉಡುಪಿನಷ್ಟು ಕಟ್ಟುನಿಟ್ಟಾದ ಉಡುಪು ಬೇರೆಲ್ಲಿದೆ? ಅಲ್ಲಿಯೂ ಮಹಿಳೆಯರಿಗೆ ಸೀರೆ ಅಥವಾ ಸಲ್ವಾರ್ ಎಂಬ ಆಯ್ಕೆಯನ್ನು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳು ಕೊಟ್ಟಿವೆ. ತಮಿಳುನಾಡು ಸರಕಾರ 2019ರಲ್ಲಿ ತನ್ನ ನೌಕರರ ಉಡುಪಿನ ಆದೇಶದಲ್ಲಿ ಸೀರೆ, ಸಲ್ವಾರ್, ಚೂಡಿದಾರ್‌ಗಳನ್ನು ಒಪ್ಪಿತು. ಶಿಕ್ಷಕಿಯರ ಮೇಲೆ ಸೀರೆಯನ್ನು ಹೇರಬಾರದೆಂದು ಕೇರಳದ ಉನ್ನತ ಶಿಕ್ಷಣ ಇಲಾಖೆ 2021ರ ನವೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ತುರ್ಕಿಯಲ್ಲಿ ಸರಕಾರಿ ಕಚೇರಿಗಳ ಮಹಿಳೆಯರಿಗೆ ದಶಕಗಳಿಂದ ಇದ್ದ ತಲೆವಸ್ತ್ರ ನಿಷೇಧ 2013ರಲ್ಲಿ ತೆರವಾಯಿತು. ತಲೆವಸ್ತ್ರದ ಕಾರಣಕ್ಕೆ ಕೆಲಸ ನಿರಾಕರಿಸಲ್ಪಟ್ಟ ಯುವತಿಯ ಪರವಾಗಿ 2015ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪಿತ್ತಿತು. ಆಕೆಗೆ ಕೆಲಸ ನಿರಾಕರಿಸಿದ್ದು ಬಟ್ಟೆ ಮಾರುವ ಕಂಪೆನಿಯೇ. ಇಲ್ಲೆಲ್ಲ ಆಡಳಿತ ಕುಸಿದುಬಿತ್ತೇ?

ಇಷ್ಟು ಹೇಳಿ ಲೇಖನಿಯನ್ನು ಕೆಳಗಿಟ್ಟರೆ ನಮ್ಮ ಓದುಗರಲ್ಲಿ ಹಲವರು ಸಂತುಷ್ಟರಾಗಿಯಾರು. ಆದರೆ ಸೆರಗಿಗಿರುವ ಎರಡನೆಯ ಕಾವಲುಗಾರ ನಮ್ಮ ಮನೆಯಂಗಳದಲ್ಲಿಯೇ ಕುಳಿತಿದ್ದಾನೆ. ಆತನ ಕುರಿತು ಮೌನ ವಹಿಸಿದರೆ ಮೇಲಿನ ಮಾತುಗಳಿಗೆಲ್ಲ ಬೆಲೆಯಿರದು.

ಸ್ವಂತ ಖರ್ಚಿನಲ್ಲಿ ತಮ್ಮಂದಿರನ್ನು ಓದಿಸಿ, ಮಕ್ಕಳ ಮದುವೆ ಮಾಡಿ, ಐವತ್ತು ದಾಟಿದ ಮುಖ್ಯೋಪಾಧ್ಯಾಯಿನಿ ಸೀರೆಯ ಸೆರಗನ್ನು ತಲೆಯ ಮೇಲೆ ಹೊದ್ದು ಶಾಲೆಗೆ ಹೋದರೆ ಆಕೆಯ ಈಮಾನಿನ ಕುರಿತು ಗುಸುಗುಸು ಆರಂಭವಾಗುತ್ತದೆ. ನಮ್ಮ ಅಜ್ಜಿಯಂದಿರು ತಲೆ ಮುಚ್ಚಿಕೊಂಡದ್ದು ಇದೇ ಸೆರಗಿನಿಂದಲ್ಲವೇ? ಅವರ ಮರ್ಯಾದೆಗೆ ಆಗ ಯಾವ ಕೊರತೆಯಾಗಿತ್ತು? ತಲೆ ಮುಚ್ಚುವುದು ಧರ್ಮದ ಮಾತು. ಅದನ್ನು ಯಾವ ಬಣ್ಣದ, ಯಾವ ಅಂಗಡಿಯ ಬಟ್ಟೆಯಿಂದ ಮುಚ್ಚಬೇಕೆಂಬುದು ಧರ್ಮದ ಮಾತಲ್ಲ, ರೂಢಿಯ ಮಾತು. ರೂಢಿಯನ್ನು ಶರೀಅತ್ತಿನ ಪೀಠದಲ್ಲಿ ಕೂರಿಸುವ ಅಧಿಕಾರವನ್ನು ನಮಗೆ ಕೊಟ್ಟವರಾರು?

ಕುರ್‌ಆನ್ ಏನೆನ್ನುತ್ತದೆ? ಅನ್ನೂರ್ ಅಧ್ಯಾಯವು ಮಹಿಳೆಯರ ಉಡುಪಿನ ಕುರಿತು ಹೇಳುವುದಕ್ಕೆ ಮುನ್ನ ಪುರುಷರು ತಮ್ಮ ದೃಷ್ಟಿಯನ್ನು ತಗ್ಗಿಸಬೇಕೆಂದು ಆಜ್ಞಾಪಿಸುತ್ತದೆ (24:30). ಮಹಿಳೆಯರಿಗಿರುವ ಆದೇಶ ಬರುವುದು ಅದರ ಮುಂದಿನ ವಚನದಲ್ಲಿ. ನಮ್ಮ ಭಾಷಣಕಾರರು ಮೊದಲನೆಯದನ್ನು ಹಾರಿ ಎರಡನೆಯದಕ್ಕೆ ಧುಮುಕುತ್ತಾರೆ. ಅದೇ ಅಧ್ಯಾಯದ 60ನೆಯ ವಚನವಂತೂ ವೇದಿಕೆಗಳಲ್ಲಿ ಕೇಳಿಬರುವುದೇ ಅಪರೂಪ. ವಿವಾಹದ ನಿರೀಕ್ಷೆಯಿಲ್ಲದ ವಯಸ್ಸಾದ ಸ್ತ್ರೀಯರು ಶೃಂಗಾರ ಪ್ರದರ್ಶನದ ಉದ್ದೇಶವಿಲ್ಲದೆ ತಮ್ಮ ಹೊರವಸ್ತ್ರವನ್ನು ತೆಗೆದಿರಿಸಿದರೆ ದೋಷವಿಲ್ಲ, ಸಂಯಮ ಪಾಲಿಸುವುದು ಅವರಿಗೆ ಉತ್ತಮ ಎಂಬುದು ಅದರ ತಾತ್ಪರ್ಯ. ದುಡಿಮೆಯಲ್ಲಿರುವ ಐವತ್ತರ ಮಹಿಳೆಯೆಲ್ಲ ಈ ವಚನದ ವ್ಯಾಪ್ತಿಗೆ ಬರುತ್ತಾಳೆಂದು ನಾವು ವಾದಿಸುತ್ತಿಲ್ಲ. ಅದನ್ನು ವಿದ್ವಾಂಸರು ವಿವರಿಸಲಿ. ಆದರೆ ಅಲ್ಲಾಹನು ಉಡುಪಿನ ವಿಷಯದಲ್ಲಿ ಸ್ತ್ರೀಯ ವಯಸ್ಸನ್ನೂ ಸ್ಥಿತಿಯನ್ನೂ ಪರಿಗಣಿಸಿದ್ದಾನೆ, ಉತ್ತಮವಾದುದನ್ನು ಆರಿಸಿಕೊಳ್ಳುವ ವಿವೇಕವನ್ನು ಆಕೆಗೇ ಬಿಟ್ಟಿದ್ದಾನೆ ಎಂಬುದು ಇದರಿಂದ ಸ್ಪಷ್ಟವಲ್ಲವೇ? ಅಲ್ಲಾಹನು ತೋರಿದ ಈ ಔದಾರ್ಯ ಮೊಹಲ್ಲಾದ ಕಟ್ಟೆಯ ಮೇಲೆ ಏಕೆ ಕಾಣೆಯಾಗುತ್ತದೆ? ಉಡುಪುಗಳಲ್ಲಿ ಉತ್ತಮವಾದುದು ಧರ್ಮನಿಷ್ಠೆಯ ಉಡುಪೆಂದು ಕುರ್‌ಆನ್ ಸಾರುತ್ತದೆ (7:26). ಅದನ್ನು ಪುರುಷರೂ ಧರಿಸಬೇಕಾಗಿದೆ. ಪ್ರವಾದಿವರ್ಯರ(ಸ) ಪ್ರಥಮ ಪತ್ನಿ ಹಝ್ರತ್ ಖದೀಜಾ(ರ) ಮಕ್ಕಾದ ಪ್ರತಿಷ್ಠಿತ ವ್ಯಾಪಾರಿಯಾಗಿದ್ದರು. ವಿವಾಹಕ್ಕೆ ಮುನ್ನ ಪ್ರವಾದಿವರ್ಯರೇ(ಸ) ಅವರ ಸರಕನ್ನು ಹೊತ್ತು ಸಿರಿಯಾದ ದಾರಿಯಲ್ಲಿ ನಡೆದಿದ್ದರು. ಈ ಚರಿತ್ರೆಯನ್ನು ಮಿಂಬರಿನಿಂದ ಭಾವುಕರಾಗಿ ಹೇಳುವ ನಾವು, ನಮ್ಮ ಊರಿನ ದುಡಿಯುವ ಹೆಣ್ಣಿಗೆ ಸಲಾಮ್ ಹೇಳಲು ಹಿಂಜರಿಯುತ್ತೇವೆ.

ಕಾವಲಿನ ಹೆಸರಿನಲ್ಲಿ ಮನುಷ್ಯ ಎಲ್ಲಿಯವರೆಗೆ ಇಳಿಯಬಲ್ಲನೆಂಬುದಕ್ಕೆ ಹಾನಗಲ್ಲವೇ ಸಾಕ್ಷಿಯಾಗಿದೆ. 2024ರ ಜನವರಿಯಲ್ಲಿ ಆ ತಾಲೂಕಿನ ವಸತಿಗೃಹವೊಂದಕ್ಕೆ ಗುಂಪೊಂದು ನುಗ್ಗಿ, ಅನ್ಯಧರ್ಮೀಯ ಪುರುಷನ ಜೊತೆಗಿದ್ದ ಮುಸ್ಲಿಮ್ ಮಹಿಳೆಯ ಮೇಲೆ ಹಲ್ಲೆ ನಡೆಸಿದ ದೃಶ್ಯ ಎಲ್ಲೆಡೆ ಹರಡಿತು. ಸಾಮೂಹಿಕ ಅತ್ಯಾಚಾರದ ಪ್ರಕರಣ ದಾಖಲಾಯಿತು. ಆರೋಪ ಹೊತ್ತವರು ನಮ್ಮದೇ ಸಮುದಾಯದವರು. 2025ರ ಮೇ ತಿಂಗಳಲ್ಲಿ ಜಾಮೀನು ಪಡೆದು ಹೊರಬಂದ ಆರೋಪಿಗಳು ವಾಹನಗಳಲ್ಲಿ ಮೆರವಣಿಗೆ ಹೋದರು. ಅಪರಾಧವನ್ನು ತೀರ್ಮಾನಿಸುವುದು ನ್ಯಾಯಾಲಯದ ಕೆಲಸ. ಆದರೆ ಆ ಮೆರವಣಿಗೆಗೆ ನಾಚುವುದು ನಮ್ಮ ಕೆಲಸವಾಗಿತ್ತು. ಹೆಣ್ಣಿನ ಪರ್ದಾದ ಕುರಿತು ಗಂಟೆಗಟ್ಟಲೆ ಮಾತನಾಡಬಲ್ಲ ಕಂಠಗಳಲ್ಲಿ ಎಷ್ಟು ಅಂದು ತೆರೆದವು? ಹೆಣ್ಣಿನ ಮಾನಕ್ಕೆ ತಾವೇ ವಾರಸುದಾರರೆಂದು ಗಂಡಸರು ತಿಳಿದುಕೊಂಡಾಗ ಕಾವಲು ದರೋಡೆಯಾಗಲು ಹೆಚ್ಚು ಹೊತ್ತು ಬೇಕಾಗುವುದಿಲ್ಲ.

ಇನ್ನು ನಮ್ಮವರೇ ನಡೆಸುವ ಶಾಲೆಗಳ ವಿಚಾರ. ಶಿಕ್ಷಕಿಯ ಉಡುಪಿನ ಕುರಿತು ಕಟ್ಟುನಿಟ್ಟಾಗಿರುವ ಆಡಳಿತ ಮಂಡಳಿಗಳು ಆಕೆಯ ಸಂಬಳದ ತಾರೀಖಿನ ಕುರಿತೂ ಅಷ್ಟೇ ಕಟ್ಟುನಿಟ್ಟಾಗಿವೆಯೇ? ಬುರ್ಕಾ ಕಡ್ಡಾಯವೆನ್ನುವವರು ಭವಿಷ್ಯನಿಧಿಯನ್ನೂ ಹೆರಿಗೆ ರಜೆಯನ್ನೂ ಕಡ್ಡಾಯವೆಂದು ಬಗೆದಿದ್ದಾರೆಯೇ? ಅಲ್ಲಿ ಕಲಿಸುವ ಹಿಂದೂ ಸಹೋದರಿಯ ಕುಂಕುಮ, ಬಳೆಗಳನ್ನು ಸಹಜವಾಗಿ ಸ್ವೀಕರಿಸುವ ಮನಸ್ಸು ನಮಗಿದೆಯೇ? ಬಲವಂತವಾಗಿ ತೆಗೆಸುವುದು ಅನ್ಯಾಯವಾದರೆ ಬಲವಂತವಾಗಿ ತೊಡಿಸುವುದು ನ್ಯಾಯವಾಗದು. ಧರ್ಮದಲ್ಲಿ ಬಲಾತ್ಕಾರವಿಲ್ಲವೆಂಬ ಕುರ್‌ಆನಿನ ವಚನವನ್ನು (2:256) ನಾವು ಪರರಿಗೆ ಓದಿ ಹೇಳುವುದಷ್ಟೇ ಸಾಲದು. 2004ರಲ್ಲಿ ಶಾಲೆಗಳಿಂದ ತಲೆವಸ್ತ್ರವನ್ನು ಹೊರಹಾಕಿದ ಫ್ರಾನ್ಸನ್ನು ಖಂಡಿಸಿದವರು, 2022ರಲ್ಲಿ ತಲೆವಸ್ತ್ರದ ನಿಯಮ ಪಾಲಿಸಲಿಲ್ಲವೆಂದು ಬಂಧಿತಳಾದ ಮಹ್ಸಾ ಅಮೀನಿ ಇರಾನಿನಲ್ಲಿ ಪ್ರಾಣ ಕಳೆದುಕೊಂಡಾಗಲೂ ಮಾತನಾಡಬೇಕಿತ್ತು.

ಹಿರಿಯ ಮುಸ್ಲಿಮ್ ಮಹಿಳೆ ಇಬ್ಬರು ಕಾವಲುಗಾರರನ್ನೂ ಒಂದೇ ಬಾಳಿನಲ್ಲಿ ಎದುರಿಸಬೇಕಾಗುತ್ತದೆ ಎಂಬುದಕ್ಕೆ ಹಾಸನದ ವಕೀಲೆ, ಲೇಖಕಿ ಬಾನು ಮುಷ್ತಾಕ್ ನಿದರ್ಶನ. ಮಹಿಳೆಯರ ಮಸೀದಿ ಪ್ರವೇಶದ ಪರ ಮಾತನಾಡಿದ್ದಕ್ಕಾಗಿ 2000ದಲ್ಲಿ ಅವರು ಸಾಮಾಜಿಕ ಬಹಿಷ್ಕಾರವನ್ನು ಅನುಭವಿಸಿದರು. 2025ರಲ್ಲಿ ಅಂತಾರಾಷ್ಟ್ರೀಯ ಬೂಕರ್ ಪ್ರಶಸ್ತಿಯನ್ನು ಕನ್ನಡಕ್ಕೆ ತಂದ ಬಳಿಕ ಅದೇ ವರ್ಷದ ಮೈಸೂರು ದಸರಾ ಉದ್ಘಾಟನೆಗೆ ಆಹ್ವಾನಿತರಾದಾಗ, ಅವರ ಧರ್ಮವನ್ನೇ ಮುಂದಿಟ್ಟು ಆಕ್ಷೇಪವನ್ನು ಸುಪ್ರೀಂ ಕೋರ್ಟಿನವರೆಗೂ ಒಯ್ಯಲಾಯಿತು. ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಅವರು ಸೀರೆಯುಟ್ಟು ವೇದಿಕೆಯೇರಿ ತಮ್ಮ ಕೆಲಸ ಮಾಡಿದರು. ಅವರ ಎಲ್ಲ ವಿಚಾರಗಳನ್ನೂ ಒಪ್ಪಬೇಕಾಗಿಲ್ಲ. ಆದರೆ ಅಂದಿನ ಬಹಿಷ್ಕಾರಕ್ಕೂ ಇಂದಿನ ಆಕ್ಷೇಪಕ್ಕೂ ಇರುವ ಸಾದೃಶ್ಯವನ್ನು ಗುರುತಿಸದಿರುವುದು ಕುರುಡುತನವಾದೀತು.

ಇದರ ನಷ್ಟ ಯಾರಿಗೆ? ದೇಶದ ಜನಸಂಖ್ಯೆಯಲ್ಲಿ ಶೇ. 13.4ರಷ್ಟಿದ್ದ ಮುಸ್ಲಿಮರು ಸರಕಾರಿ ನೌಕರಿಯಲ್ಲಿ ಶೇ. 4.9ರಷ್ಟಿದ್ದಾರೆಂದು 2006ರಲ್ಲಿ ಸಾಚಾರ್ ಸಮಿತಿ ತಿಳಿಸಿತ್ತು. ಇಷ್ಟು ವಿರಳವಾಗಿರುವ ನಮ್ಮಲ್ಲಿ ಹಿರಿಯ ಹುದ್ದೆಗೇರಿದ ಒಬ್ಬ ಮಹಿಳೆ ಉಡುಪಿನ ಕಿರಿಕಿರಿಗೆ ಬೇಸತ್ತು ಸ್ವಯಂನಿವೃತ್ತಿ ಪಡೆದರೆ ಹೋಗುವುದು ಒಂದು ಸಂಬಳವಷ್ಟೇ ಅಲ್ಲ. ಆ ಶಾಲೆಗೆ ಬರುವ ಬಡ ಹುಡುಗಿ ‘ನಾನೂ ಹೀಗಾಗಬಲ್ಲೆ’ ಎಂದುಕೊಳ್ಳಲು ಇದ್ದ ಒಂದೇ ಆಧಾರ ಹೋಗುತ್ತದೆ. ಬಾಲ್ಯವಿವಾಹಕ್ಕೆ ತಯಾರಾದ ತಂದೆಯನ್ನು ಕರೆಸಿ ಗದರಿಸಬಲ್ಲ ದನಿ ಹೋಗುತ್ತದೆ.

ಆದ್ದರಿಂದ ನಮ್ಮ ಬೇಡಿಕೆಗಳು ಸ್ಪಷ್ಟವಾಗಿರಲಿ. ಸರಕಾರಿಯಾಗಲಿ ಖಾಸಗಿಯಾಗಲಿ, ಪ್ರತಿ ಕಚೇರಿಯೂ ಉಡುಪಿನ ನಿಯಮವನ್ನು ಬರಹದಲ್ಲಿ ಪ್ರಕಟಿಸಲಿ. ಅದು ಶುಚಿತ್ವ, ಸುರಕ್ಷತೆ, ಗುರುತು ಮತ್ತು ಕೆಲಸದ ಅನುಕೂಲಗಳಿಗೆ ಸೀಮಿತವಾಗಿರಲಿ. ಸೀರೆ, ಸಲ್ವಾರ್, ತಲೆವಸ್ತ್ರಗಳಿಗೆ ಸಮಾನ ಮನ್ನಣೆಯಿರಲಿ. ಸಿಂಧೂರಕ್ಕೂ ಪೇಟಕ್ಕೂ ಇರುವ ಸಹಜತೆ ತಲೆವಸ್ತ್ರಕ್ಕೂ ಇರಲಿ. ನಮ್ಮ ಜಮಾಅತ್‌ಗಳು ವರ್ಷಕ್ಕೊಮ್ಮೆಯಾದರೂ ಊರಿನ ಉದ್ಯೋಗಸ್ಥೆಯರನ್ನು ಕರೆದು ಅವರ ಕಷ್ಟಗಳನ್ನು ಆಲಿಸಲಿ. ಅಂದು ಗಂಡಸರು ಉಪದೇಶಿಸದೆ ಕೇಳಿಸಿಕೊಳ್ಳಲಿ. ಜುಮಾ ಖುತ್ಬಾಗಳಲ್ಲಿ 24:31ರ ಜೊತೆಗೆ 24:30 ಕೂಡ ಓದಲ್ಪಡಲಿ.

ಶಿಗ್ಗಾವಿಯ ಮಣ್ಣು ಶಿಶುನಾಳದ ಶರೀಫರದ್ದು. ಗುರು ಗೋವಿಂದಭಟ್ಟರು ಅವರಿಗೆ ಜನಿವಾರ ತೊಡಿಸಿದರೆಂಬ ಕಥೆಯನ್ನು ಈ ಭಾಗದ ಜನ ಇಂದಿಗೂ ಹೇಳುತ್ತಾರೆ. ಮೈಮೇಲಿನ ನೂಲಿನಿಂದ ಮನುಷ್ಯನನ್ನು ಅಳೆಯದ ಆ ನಾಡಿನಲ್ಲಿ, ನಾಳೆ ಬೆಳಗ್ಗೆ ಎಂಟರ ಬಸ್ಸು ಹತ್ತುವ ನಮ್ಮ ಹಿರಿಯ ಸಹೋದರಿಯನ್ನು ಆಕೆಯ ಕೆಲಸದಿಂದ ಅಳೆಯಲು ನಮಗೆ ಸಾಧ್ಯವಾಗಬೇಕು. ಆಕೆಗೆ ಕಾವಲುಗಾರರು ಬೇಕಾಗಿಲ್ಲ. ಆಕೆ ಕುಳಿತುಕೊಳ್ಳಲು ಸೀಟು ಬಿಟ್ಟುಕೊಡುವ ಸಹಪ್ರಯಾಣಿಕರಿದ್ದರೆ ಸಾಕು.