ಮೀನಖಂಡದ ಲೆಕ್ಕ

ಕಳೆದ ವರ್ಷ ಯುಗಾದಿ ಮುಗಿದು ಮೂರನೆಯ ದಿನ. ರಾತ್ರಿ ಎರಡೂವರೆ ಹೊತ್ತಿಗೆ ನನ್ನ ಬಲಗಾಲಿನ ಮೀನಖಂಡವನ್ನು ಯಾರೋ ಒದ್ದೆ ಪಂಚೆ ಹಿಂಡಿದ ಹಾಗೆ ಹಿಂಡಿದರು. ಕಣ್ಣು ಬಿಟ್ಟರೆ ಯಾರೂ ಇಲ್ಲ. ಮುಟ್ಟಿ ನೋಡಿದರೆ ಚರ್ಮದಡಿ ಕಲ್ಲಿನಂಥ ಗಂಟು. ಕಾಲ್ಬೆರಳುಗಳು ತಾವೇ ಕೆಳಕ್ಕೆ ಬಾಗಿ ನಿಂತಿವೆ. ನಾನು ಕೂಗಿದ ಕೂಗಿಗೆ ಪಕ್ಕದ ಕೋಣೆಯಿಂದ ಮಗ, ಸೊಸೆ, ಮೊಮ್ಮಗಳು ಮೂವರೂ ಓಡಿ ಬಂದರು.

“ಎದೆನೋವಾ ಅಪ್ಪ?” ಎಂದ ಮಗ.

“ಅಲ್ಲ ಕಣೋ, ಕಾಲು...” ಎನ್ನುವಷ್ಟರಲ್ಲಿ ನನ್ನಾಕೆ ದೀಪ ಹಾಕಿ, ನನ್ನ ಪಾದ ಹಿಡಿದು, ಬೆರಳುಗಳನ್ನು ಮೊಣಕಾಲಿನ ಕಡೆಗೆ ಮೆಲ್ಲಗೆ ಒತ್ತಿ ಹಿಡಿದಳು. “ಮಂಡಿ ಮಡಿಸಬೇಡಿ, ನೆಟ್ಟಗಿಡಿ” ಎಂದಳು. ಅರ್ಧ ನಿಮಿಷದಲ್ಲಿ ಗಂಟು ಕರಗಿತು. ನೋವಿನ ಪಳೆಯುಳಿಕೆ ಮಾತ್ರ ಮರುದಿನ ಸಂಜೆಯವರೆಗೂ ಇತ್ತು.

ಬೆಳಗ್ಗೆ ಕಾಫಿ ಕುಡಿಯುತ್ತಾ, ನಿನಗೆ ಈ ವಿದ್ಯೆ ಎಲ್ಲಿಂದ ಬಂತೇ ಎಂದು ಕೇಳಿದೆ.

“ನನಗೆ ಹತ್ತು ವರ್ಷದಿಂದ ಬರ್ತಿದೆಯಲ್ಲಾ.”

“ಒಂದು ದಿನವೂ ಹೇಳಲಿಲ್ಲ?”

“ಹೇಳಿದ್ರೆ ನಿಮಗೆ ಎಚ್ಚರ ಆಗ್ತಿತ್ತೇನ್ರೀ? ಎದ್ದು ಹಾಲ್‌ಗೆ ಹೋಗಿ ಗೋಡೆ ಹಿಡ್ಕೊಂಡು ನಿಲ್ತಿದ್ದೆ. ಹೋಗ್ತಿತ್ತು.”

ಮದುವೆಯಾಗಿ ನಲವತ್ತಾರು ವರ್ಷ. ಬ್ಯಾಂಕಿನಲ್ಲಿದ್ದಾಗ ದಿನದ ಲೆಕ್ಕದಲ್ಲಿ ಹತ್ತು ಪೈಸೆ ವ್ಯತ್ಯಾಸ ಬಂದರೂ ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದವನು ನಾನು. ಪಕ್ಕದಲ್ಲೇ ಮಲಗಿದವಳ ಹತ್ತು ವರ್ಷದ ಬಾಕಿ ಕಣ್ಣಿಗೇ ಬಿದ್ದಿರಲಿಲ್ಲ. ಆ ದಿನ ಕಾಫಿ ಸರಿಯಾಗಿ ಇಳಿಯಲಿಲ್ಲ.

ಬಿ.ಕಾಂ. ಓದಿದವನಿಗೆ ಸಂಕಟ ಬಂದರೆ ತೋಚುವುದು ಒಂದೇ. ಮೊಮ್ಮಗಳ ಹಳೆಯ ನೋಟ್‌ಬುಕ್ಕಿನ ಉಳಿದ ಹಾಳೆಗಳಿಗೆ ಗೆರೆ ಹಾಕಿದೆ. ತಾರೀಖು, ಗಂಟೆ, ಎಡವೋ ಬಲವೋ, ಎಷ್ಟು ನಿಮಿಷ, ಅಂದು ಎಷ್ಟು ನಡೆದೆ, ಎಷ್ಟು ಹೊತ್ತು ನಿಂತೆ, ಏನು ತಿಂದೆ, ಯಾವ ಮಾತ್ರೆ. ಎದುರು ಪುಟದಲ್ಲಿ ಇವಳದು. “ನನ್ನ ಕಾಲಿಗೂ ಲೆಡ್ಜರ್ರಾ!” ಎಂದು ನಕ್ಕಳು. ಆದರೂ ಬೆಳಗ್ಗೆ ಎದ್ದ ಮೇಲೆ ತಪ್ಪದೆ ವರದಿ ಒಪ್ಪಿಸತೊಡಗಿದಳು.

ಸುದ್ದಿ ಹಬ್ಬಿದ ಮೇಲೆ ಸಲಹೆಗಳಿಗೇನು ಬರ? ನಮ್ಮಜ್ಜಿಯ ಕಾಲದಲ್ಲಿ ಬೆನ್ನು ಹಿಡಿದುಕೊಂಡರೆ ಕಾಲು ಮುಂದಾಗಿ ಹುಟ್ಟಿದವರನ್ನು ಕರೆಸಿ ಒದೆಸಿಕೊಳ್ಳುತ್ತಿದ್ದರು. ಈಗ ಒದೆಯುವವರಿಲ್ಲ, ಹೇಳುವವರೇ ಎಲ್ಲ. ಬಾಳೆಹಣ್ಣು ತಿನ್ನಿ ಎಂದವರು ಏಳು ಜನ. ರಾತ್ರಿ ಎರಡು ಏಲಕ್ಕಿ ಬಾಳೆಯಂತೆ ಒಂದು ತಿಂಗಳು ತಿಂದೆ. ನಮೂದುಗಳು ಒಂದೂ ಕಡಿಮೆಯಾಗಲಿಲ್ಲ. ಎಳನೀರು ಎಂದರು ಇನ್ನೊಬ್ಬರು. ಕಿಡ್ನಿ ತೊಂದರೆ ಇರುವವರು ಇವೆರಡನ್ನೂ ಡಾಕ್ಟರನ್ನು ಕೇಳದೆ ಸುರಿದುಕೊಳ್ಳಬಾರದು, ಎರಡರಲ್ಲೂ ಪೊಟ್ಯಾಸಿಯಂ ಹೆಚ್ಚು.

ದೊಡ್ಡ ತಪ್ಪು ಮಾಡಿದ್ದು ಮಾತ್ರ ನಾನೇ. ಪುಸ್ತಕ ತಿರುವಿ ಹಾಕುವಾಗ ಒಂದು ಸಂಗತಿ ಹೊಳೆಯಿತು: ನನ್ನ ಬಿ.ಪಿ.ಗೆ ನೀರು ಹೊರಹಾಕುವ ಮಾತ್ರೆ ಸೇರಿಸಿದ ಎರಡನೇ ತಿಂಗಳಿಗೇ ಈ ಕಾಟ ಶುರುವಾಗಿದ್ದು. ಪಾರ್ಕಿನಲ್ಲಿ ಜೊತೆಗೆ ನಡೆಯುವ ಮಿತ್ರರು “ಅದೇ ಸ್ವಾಮಿ ಕಳ್ಳ, ನಿಲ್ಲಿಸಿಬಿಡಿ” ಎಂದರು. ನಿಲ್ಲಿಸಿಬಿಟ್ಟೆ. ಮನೆಯಲ್ಲಿ ಹೇಳಲಿಲ್ಲ. ಹೇಳದೆ ಇದ್ದಳೆಂದು ಯಾರ ಮೇಲೆ ಬೇಸರ ಮಾಡಿಕೊಂಡಿದ್ದೆನೋ ಅವಳಿಂದಲೇ ಮುಚ್ಚಿಟ್ಟೆ. ಒಂಬತ್ತನೆಯ ದಿನ ಬೆಳಗ್ಗೆ ತಲೆ ಸಿಡಿಯುತ್ತಿತ್ತು, ಮೆಟ್ಟಿಲು ಹತ್ತಿದರೆ ಉಸಿರು ಸಾಲದು. ಮಗ ಬಿ.ಪಿ. ನೋಡಿದ: 190ಕ್ಕೆ 104. ಅವತ್ತು ಅವನ ಮುಖ ನೋಡಲಾಗಲಿಲ್ಲ ನನಗೆ.

ನಮ್ಮ ಡಾಕ್ಟರು ಬೈದರು, ಆಮೇಲೆ ಪುಸ್ತಕ ಕೇಳಿ ತೆಗೆದುಕೊಂಡರು. ಕನ್ನಡಕ ಏರಿಸಿಕೊಂಡು ಐದು ನಿಮಿಷ ಓದಿದರು. “ನಿಮ್ಮ ಅನುಮಾನ ತಪ್ಪಲ್ಲ ಯಜಮಾನ್ರೇ. ಆ ಜಾತಿಯ ಮಾತ್ರೆಗೂ ಸೆಳೆತಕ್ಕೂ ನಂಟಿದೆ. ಕೊಲೆಸ್ಟ್ರಾಲ್‌ಗೆ ಕೊಡುವ ಕೆಲವು ಮಾತ್ರೆಗಳಿಗೂ, ಉಬ್ಬಸದ ಕೆಲವು ಇನ್‌ಹೇಲರ್‌ಗಳಿಗೂ ಇದೆ. ಆದರೆ ಈ ಪುಸ್ತಕ ನನಗೆ ತೋರಿಸೋಕ್ಕೆ, ನೀವೇ ತೀರ್ಪು ಕೊಡೋಕ್ಕಲ್ಲ” ಎಂದರು. ರಕ್ತ ಪರೀಕ್ಷೆಯಲ್ಲಿ ನನ್ನ ಪೊಟ್ಯಾಸಿಯಂ ತುಸು ಕಡಿಮೆ ಬಂತು. ಮಾತ್ರೆ ಬದಲಾಯಿಸಿದರು. ವಾರಕ್ಕೆ ನಾಲ್ಕಿದ್ದದ್ದು ಎರಡಕ್ಕಿಳಿಯಿತು.

ಇವಳ ಸಕ್ಕರೆ, ಥೈರಾಯ್ಡ್, ಕಿಡ್ನಿ ಎಲ್ಲ ನೋಡಿದರು. ಏನೂ ಇಲ್ಲ. ವಯಸ್ಸಾದವರಲ್ಲಿ ಹೆಚ್ಚಿನ ಪಾಲು ಹೀಗೇ, ಕಾರಣ ಸಿಗುವುದಿಲ್ಲವಂತೆ. ಬ್ಯಾಂಕಿನಲ್ಲಿ ಇಂಥವಕ್ಕೆ ಸಸ್ಪೆನ್ಸ್ ಅಕೌಂಟ್ ಅಂತ ಇರುತ್ತದೆ. ಎಲ್ಲಿಗೆ ಸೇರಬೇಕೆಂದು ಗೊತ್ತಾಗದ ಮೊತ್ತವನ್ನು ಅಲ್ಲಿ ಇಟ್ಟಿರುವುದು. ಇವಳ ಕಾಲು ಆ ಖಾತೆಯಲ್ಲಿದೆ.

ಒಂದು ಊಹೆಯನ್ನು ಮಾತ್ರ ಡಾಕ್ಟರು ಹೇಳಿದರು, ನನಗೆ ಅದು ಹಿಡಿಸಿತು. ಮಲಗಿದಾಗ ಪಾದ ತಾನಾಗಿ ಮುಂದಕ್ಕೆ ಚಾಚಿಕೊಂಡು ಮೀನಖಂಡ ಮೊಟಕಾಗಿರುತ್ತದೆ. ಮೊಟಕಾದ ಸ್ನಾಯು ಇನ್ನಷ್ಟು ಮುದುಡಿದರೆ ಬಿಡಿಸಿಕೊಳ್ಳಲಾರದೆ ಗಂಟಾಗುತ್ತದೆ. ಹಿಂದೆ ಕುಕ್ಕರಗಾಲಲ್ಲಿ ಕೂತು ಒಲೆ ಊದುತ್ತಿದ್ದೆವು, ಪಾತ್ರೆ ತೊಳೆಯುತ್ತಿದ್ದೆವು, ಶೌಚಕ್ಕೂ ಹಾಗೇ ಕೂರುತ್ತಿದ್ದೆವು. ದಿನಕ್ಕೆ ಹತ್ತು ಸಲ ಆ ಸ್ನಾಯು ತಾನಾಗಿ ಹಿಗ್ಗುತ್ತಿತ್ತು. ಈಗ ಅಡುಗೆ ನಿಂತು, ಊಟ ಟೇಬಲ್ಲಿನಲ್ಲಿ, ಅದೂ ಕಮೋಡಿನ ಮೇಲೆ. ನಾನಂತೂ ಮೂವತ್ತಾರು ವರ್ಷ ಕೌಂಟರಿನ ಎತ್ತರದ ಕುರ್ಚಿಯಲ್ಲಿ ಕಾಲು ಇಳಿಬಿಟ್ಟುಕೊಂಡೇ ಕೂತವನು. ಹಾಗಂತ ನಮ್ಮ ವಯಸ್ಸಿನವರು ನಾಳೆಯಿಂದ ಕುಕ್ಕರಗಾಲು ಹಾಕಲು ಹೋಗಬೇಡಿ, ಎಬ್ಬಿಸಲು ಇಬ್ಬರು ಬೇಕಾಗುತ್ತದೆ. ಅದಕ್ಕೆ ಗೋಡೆ ಇದೆ.

ಗೋಡೆಯಿಂದ ಒಂದು ತೋಳಿನಷ್ಟು ದೂರ ನಿಲ್ಲಬೇಕು. ಎರಡೂ ಅಂಗೈ ಗೋಡೆಗೆ. ಒಂದು ಕಾಲು ಹಿಂದಕ್ಕೆ, ಅದರ ಮಂಡಿ ನೆಟ್ಟಗೆ, ಹಿಮ್ಮಡಿ ನೆಲ ಬಿಡಬಾರದು. ಮುಂದಿನ ಕಾಲಿನ ಮಂಡಿ ಮಡಿಸುತ್ತಾ ಗೋಡೆಯ ಕಡೆಗೆ ವಾಲಬೇಕು. ಹಿಂದಿನ ಮೀನಖಂಡದಲ್ಲಿ ಎಳೆತ ಗೊತ್ತಾದಲ್ಲಿಗೆ ನಿಲ್ಲಿಸಿ. ನೋಯುವವರೆಗೆ ಹೋಗುವುದಲ್ಲ. ಮೂವತ್ತು ಎಣಿಸಿ ಬಿಡಿ. ಕಾಲಿಗೆ ಮೂರು ಸಲ, ಮಲಗುವ ಮುಂಚೆ. ಕುಲುಕಬಾರದು. ಕಾಲಿಗೆ ಸಾಕ್ಸ್ ಬೇಡ, ಜಾರುತ್ತದೆ. 2012ರಲ್ಲಿ ಪ್ರಕಟವಾದ ನೆದರ್ಲೆಂಡ್ಸ್‌ನ ಒಂದು ಅಧ್ಯಯನದಲ್ಲಿ 55 ದಾಟಿದ 80 ಮಂದಿ ಇದ್ದರು. ಅವರಲ್ಲಿ ಆರು ವಾರ ಮಲಗುವ ಮುಂಚೆ ಮೀನಖಂಡ ಮತ್ತು ತೊಡೆಯ ಹಿಂಭಾಗ ಹಿಗ್ಗಿಸಿದವರಿಗೆ ಸೆಳೆತವೂ ಕಡಿಮೆಯಾಯಿತು, ನೋವೂ ಇಳಿಯಿತು. 2005ರ ಇಂಗ್ಲೆಂಡಿನ ಅಧ್ಯಯನದಲ್ಲಿ ಅಂಥ ಲಾಭ ಕಾಣಲಿಲ್ಲ ಎಂಬುದನ್ನೂ ಹೇಳಿಬಿಡಬೇಕು, ಲೆಕ್ಕದಲ್ಲಿ ಎರಡೂ ಕಡೆ ತೋರಿಸುವುದು ನನ್ನ ಅಭ್ಯಾಸ. ಖರ್ಚಿಲ್ಲದ್ದು, ಅಪಾಯವಿಲ್ಲದ್ದು. ನಾವಿಬ್ಬರೂ ಹಿಡಿದುಕೊಂಡೆವು.

ಮೊದಲ ರಾತ್ರಿ ಅಕ್ಕಪಕ್ಕ ನಿಂತು ವಾಲುತ್ತಿದ್ದಾಗ ಮೂರನೇ ಕ್ಲಾಸಿನ ಮೊಮ್ಮಗಳು ಬಂದು ನೋಡಿದಳು. “ತಾತ, ಗೋಡೆ ಎಷ್ಟು ದೂರ ಹೋಯ್ತು?” ಎಂದಳು. ಈಗ ಎಣಿಸುವ ಕೆಲಸ ಅವಳದೇ. ಇಪ್ಪತ್ತಾರಕ್ಕೆ ಬಂದಾಗ ಬೇಕೆಂದೇ ತಪ್ಪಿಸಿ ಮತ್ತೆ ಹದಿನೈದರಿಂದ ಶುರು ಮಾಡುತ್ತಾಳೆ.

ಮಾತ್ರೆಗಳ ವಿಚಾರ ಬೇಗ ಮುಗಿಸುತ್ತೇನೆ. ಮೆಗ್ನೀಸಿಯಂ ಎಂದು ಎಲ್ಲ ಮೆಡಿಕಲ್ ಶಾಪಿನಲ್ಲೂ ಕೊಡುತ್ತಾರೆ. 2017ರಲ್ಲಿ ಇಸ್ರೇಲಿನ ವೈದ್ಯರು ಒಂದು ಗುಂಪಿಗೆ ಅದನ್ನೂ ಇನ್ನೊಂದು ಗುಂಪಿಗೆ ಔಷಧವಿಲ್ಲದ ಬರೀ ಗುಳಿಗೆಯನ್ನೂ ಕೊಟ್ಟು ನೋಡಿದರು. ಎರಡು ಗುಂಪಿಗೂ ಹೆಚ್ಚುಕಡಿಮೆ ಒಂದೇ ಅಷ್ಟು ಗುಣವಾಯಿತು! ಇನ್ನು ಮಲೇರಿಯಾಕ್ಕೆ ಕೊಡುತ್ತಿದ್ದ ಆ ಕಹಿ ಕ್ವಿನೈನ್. ಸೆಳೆತಕ್ಕೆ ಅದು ಸ್ವಲ್ಪ ಕೆಲಸ ಮಾಡುವುದು ನಿಜ. ಆದರೆ ಕೆಲವರಲ್ಲಿ ರಕ್ತದ ಪ್ಲೇಟ್‌ಲೆಟ್ ಕುಸಿದು ಜೀವಕ್ಕೇ ಬರುತ್ತದೆ. ಕಾಲುಸೆಳೆತಕ್ಕೆ ಅದನ್ನು ಬಳಸಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಇಲಾಖೆ ಎಚ್ಚರಿಸಿದೆ. ಹಳೆಯ ಕಾಲದವರು ಯಾರಾದರೂ ಹೇಳಿದರೆ ಕೈಮುಗಿದು ಬಿಡಿ.

ಮನೆಯಲ್ಲಿ ಮಾಡಿಕೊಂಡ ಸಣ್ಣ ಬದಲಾವಣೆಗಳೂ ಇವೆ. ಹೊದಿಕೆಯ ತುದಿಯನ್ನು ಹಾಸಿಗೆಯಡಿ ಬಿಗಿಯಾಗಿ ಸಿಕ್ಕಿಸುತ್ತಿದ್ದದ್ದನ್ನು ಬಿಟ್ಟೆವು, ಅದು ಪಾದವನ್ನು ಕೆಳಕ್ಕೆ ಒತ್ತುತ್ತದೆ. ಮಂಚದ ಪಕ್ಕ ಸಣ್ಣ ದೀಪ ಇಟ್ಟೆವು. ಸೆಳೆತ ಬಂದಾಗ ಕತ್ತಲಲ್ಲಿ ಧಡಕ್ಕನೆ ಎದ್ದರೆ ಬೀಳುವ ಭಯ, ನಮ್ಮ ವಯಸ್ಸಿನಲ್ಲಿ ಸೆಳೆತಕ್ಕಿಂತ ಮುರಿದ ಸೊಂಟ ದೊಡ್ಡದು. ಕೂತಲ್ಲೇ ಬೆರಳು ಎಳೆದುಕೊಳ್ಳಬೇಕು. ಬಗ್ಗಲು ಆಗದವರು ಟವೆಲನ್ನು ಪಾದದ ಮುಂಭಾಗಕ್ಕೆ ಸುತ್ತಿ ಎರಡು ತುದಿ ಹಿಡಿದು ಎಳೆಯಬಹುದು. ಬಿಟ್ಟ ಮೇಲೆ ಬಿಸಿನೀರಿನ ಶಾಖ ಹಿತ.

ಎಲ್ಲ ಕಾಲುನೋವೂ ಇದೇ ಅಲ್ಲ. ಒಂದೇ ಕಾಲು ಊದಿಕೊಂಡು, ಬೆಚ್ಚಗಾಗಿ, ನೋವು ಹೋಗದೆ ನಿಂತರೆ ಅದು ರಕ್ತ ಹೆಪ್ಪುಗಟ್ಟಿದ್ದಿರಬಹುದು. ಉಜ್ಜಬಾರದು, ಆ ದಿನವೇ ಆಸ್ಪತ್ರೆಗೆ ಹೋಗಬೇಕು. ನಡೆದರೆ ನೋವು, ನಿಂತರೆ ಮಾಯ ಎನ್ನುವವರು ಕಾಲಿನ ರಕ್ತನಾಳ ತೋರಿಸಬೇಕು, ಬೀಡಿ ಸಿಗರೇಟು ಸೇದುವವರು ಮತ್ತು ಸಕ್ಕರೆ ಕಾಯಿಲೆಯವರು ಮುಖ್ಯವಾಗಿ.

ಈಗ ನನ್ನ ಪುಟದಲ್ಲಿ ತಿಂಗಳಿಗೆ ಎರಡು ಮೂರು ನಮೂದು. ಇವಳದು ಇನ್ನೂ ನಾಲ್ಕೈದು. ಮದುವೆ ಮುಂಜಿಗೆ ಹೋಗಿ ನಿಂತು ಬಂದ ರಾತ್ರಿ ಗ್ಯಾರಂಟಿ.

ಹೋದ ಮಂಗಳವಾರ ಯಾರೋ ಭುಜ ಅಲ್ಲಾಡಿಸಿದರು. “ರೀ... ಬಂತು, ಎಡಗಾಲು.” ಮೊದಲ ಸಲ ಹಾಲ್‌ಗೆ ಹೋಗದೆ ನನ್ನನ್ನು ಎಬ್ಬಿಸಿದ್ದಳು. ಪಾದ ಹಿಡಿದು ಬೆರಳು ಒತ್ತಿದೆ. ಮಂಡಿ ನೆಟ್ಟಗಿಡು ಎಂದೆ. ಗಂಟು ಇಳಿದ ಮೇಲೆ ದಿಂಬಿನ ಪಕ್ಕದ ಕನ್ನಡಕ, ಪುಸ್ತಕ ತಡಕಾಡುತ್ತಿದ್ದರೆ ಇವಳು ಆ ಕಡೆ ಹೊರಳಿದಳು.

“ಬೆಳಗ್ಗೆ ಬರ್ಕೊಳ್ಳೋರಂತೆ, ದೀಪ ಆರಿಸ್ರೀ.”