ಮೌನವನ್ನು ಕೊಳ್ಳಲು ಹೊರಟವರು

ನಗರದ ವಿದ್ಯಾವಂತರಿಗೆ ಈಚಿನ ವರ್ಷಗಳಲ್ಲಿ ಒಂದು ಹೊಸ ಹಂಬಲ ಹತ್ತಿಕೊಂಡಿದೆ. ದುಡಿದದ್ದು ಸಾಕು, ಉಳಿದ ಆಯುಷ್ಯವನ್ನು ಸದ್ದುಗದ್ದಲವಿಲ್ಲದ ಹಳ್ಳಿಯೊಂದರಲ್ಲಿ ಕಳೆಯಬೇಕು. ಆ ಹಳ್ಳಿ ನಡುಗಡ್ಡೆಯಾಗಿದ್ದರೆ ಇನ್ನೂ ಲೇಸು. ಯಾವ ನಡುಗಡ್ಡೆ? ಶರಾವತಿ ಹಿನ್ನೀರಿನ ತುಮರಿ ಕಡೆಯದೋ, ರಾಯಚೂರು ತಾಲ್ಲೂಕಿನ ಕೃಷ್ಣಾ ನದಿಯ ನಡುವಿನದೋ? ಒಂದರಲ್ಲಿ ಕಾಡು, ಮಳೆ, ಅಡಿಕೆ ತೋಟ. ಇನ್ನೊಂದರಲ್ಲಿ ಬಯಲು, ಬಂಡೆ, ಗುಡಿಯ ಗಂಟೆ. ತೂಗಿ ನೋಡುವವರು ಹಾಲು ಸಿಗುತ್ತದೆಯೇ, ಮೊಬೈಲಿಗೆ ಸಿಗ್ನಲ್ ಬರುತ್ತದೆಯೇ, ಆಸ್ಪತ್ರೆ ಎಷ್ಟು ದೂರ ಎಂದೆಲ್ಲ ವಿಚಾರಿಸುತ್ತಾರೆ. ಈ ಊರು ಇಷ್ಟು ನಿಶ್ಶಬ್ದವಾದದ್ದು ಹೇಗೆ ಎಂದು ಮಾತ್ರ ಕೇಳುವುದಿಲ್ಲ.

ತುಮರಿ ಹುಟ್ಟಿನಿಂದ ದ್ವೀಪವಲ್ಲ. 1948ರ ಹಿರೇಭಾಸ್ಕರ ಅಣೆಕಟ್ಟು ಒಮ್ಮೆ, 1964ರ ಲಿಂಗನಮಕ್ಕಿ ಮತ್ತೊಮ್ಮೆ, ಹೀಗೆ ಕಣಿವೆಯ ಗದ್ದೆ, ತೋಟ, ಮನೆಗಳನ್ನು ನೀರು ನುಂಗಿದ ಮೇಲೆ ಕರೂರು, ಬಾರಂಗಿ ಹೋಬಳಿಗಳು ಸಾಗರದಿಂದ ಕಡಿದುಹೋದವು. ಇಂದಿಗೂ ಅದು ಪೂರ್ಣ ದ್ವೀಪವಲ್ಲ. ಮೂರು ಕಡೆ ನೀರು, ಒಂದು ಕಡೆ ಘಟ್ಟದ ಕಾಡು. ಹೆರಿಗೆಗೆ ಹೊರಟವಳೂ ಹಾವು ಕಚ್ಚಿದವನೂ ಲಾಂಚಿಗಾಗಿ ದಡದಲ್ಲಿ ಕಾದರು. ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳನ್ನು ಕೂಡಿಸುವ ಸುಮಾರು 2.4 ಕಿ.ಮೀ. ಉದ್ದದ ಸೇತುವೆ ಸಂಚಾರಕ್ಕೆ ತೆರೆದದ್ದು 2025ರ ಜುಲೈನಲ್ಲಿ. ರಾಜ್ಯಕ್ಕೆಲ್ಲ ಬೆಳಕು ಕೊಡಲು ಮುಳುಗಿದವರ ಮಕ್ಕಳು ಮೊಮ್ಮಕ್ಕಳು ಜಮೀನಿನ ಹಕ್ಕುಪತ್ರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆಯುವುದು ಇನ್ನೂ ನಿಂತಿಲ್ಲ. ನಗರದವರ ಕಿವಿಗೆ ಇಂಪಾಗುವ ಮೌನದೊಳಗೆ ಈ ಅರವತ್ತು ವರ್ಷಗಳೂ ಇವೆ.

ಕೃಷ್ಣೆಯ ಕುರ್ವಕುಲ, ಕುರ್ವಕುರ್ದಾಗಳ ಕಥೆ ಬೇರೆ. ಅಲ್ಲಿ ನಡುಗಡ್ಡೆಯನ್ನು ನದಿಯೇ ಮಾಡಿದೆ. ಸಂಕಟವನ್ನು ಮಾತ್ರ ಮನುಷ್ಯರು ಕೂಡಿಸಿದ್ದಾರೆ. ನಾರಾಯಣಪುರ ಜಲಾಶಯದ ಗೇಟು ಎತ್ತಿದ ದಿನ ತೆಪ್ಪ ನಿಲ್ಲುತ್ತದೆ, ಊರು ಲೋಕದಿಂದ ಕಳಚಿಕೊಳ್ಳುತ್ತದೆ. 2020ರ ಆಗಸ್ಟ್‌ನಲ್ಲಿ ತೆಲಂಗಾಣದ ದಡದಿಂದ ಕುರ್ವಕುಲಕ್ಕೆ ಬರುತ್ತಿದ್ದ ತೆಪ್ಪ ಮಗುಚಿ ನಾಲ್ವರು ನೀರುಪಾಲಾದರು. ಎರಡು ಊರುಗಳ ಗುಣಾವಗುಣಗಳನ್ನು ಪಟ್ಟಿ ಮಾಡುವವರು ಈ ಸಂಗತಿಯನ್ನು ಯಾವ ಕಾಲಮ್ಮಿನಲ್ಲಿ ಬರೆಯುತ್ತಾರೋ!

ಮೌನಕ್ಕೆ ನಡುಗಡ್ಡೆಯೇ ಬೇಕೆಂದಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಮೂಡಿಗೆರೆ, ಚಿಕ್ಕಮಗಳೂರಿನ ತೋಟಗಳಲ್ಲಿ ಕಾಫಿ ಕೊಯ್ಯುವವರು ಯಾವ ಊರಿನವರೆಂದು ಮಲೆನಾಡಿನ ವಿದ್ಯಾರ್ಥಿಗಳು ಒಮ್ಮೆ ಲೈನು ಮನೆಗಳ ಮುಂದೆ ನಿಂತು ಕೇಳಬೇಕು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಎಂಬ ಹೆಸರುಗಳು ಅಲ್ಲಿ ಕೇಳಿಬರುತ್ತವೆ. ಸುಗ್ಗಿ ಮುಗಿದೊಡನೆ, ಬರದ ವರ್ಷವಾದರೆ ಸುಗ್ಗಿಯೇ ಇಲ್ಲದೆ, ಆ ಸೀಮೆಯ ಎಷ್ಟೋ ತಾಂಡಾಗಳೂ ಹಟ್ಟಿಗಳೂ ಗುಳೆ ಹೊರಡುತ್ತವೆ. ಬೀಗ ಜಡಿದ ಬಾಗಿಲು, ಕಟ್ಟೆಯ ಮೇಲೆ ಮುದುಕರು, ಅಜ್ಜಿಯ ಸೆರಗು ಹಿಡಿದ ಮಕ್ಕಳು. ನಾಡಿನಲ್ಲಿ ಇದಕ್ಕಿಂತ ಸದ್ದಿಲ್ಲದ ಹಳ್ಳಿ ಸಿಗಲಾರದು. ಆದರೂ ನೆಮ್ಮದಿ ಅರಸುವವರ ಪಟ್ಟಿಗೆ ಕೂಡ್ಲಿಗಿಯ ಹಳ್ಳಿ ಸೇರುವುದಿಲ್ಲ, ಏಕೆಂದರೆ ಅಲ್ಲಿ ನೀರಿನ ನೋಟವಿಲ್ಲ. ಅವರಿಗೆ ಬೇಕಾದದ್ದು ಹಳ್ಳಿಯೂ ಅಲ್ಲ, ಮೌನವೂ ಅಲ್ಲ. ಕಿಟಕಿಯಿಂದ ಕಾಣುವ ಚಿತ್ರ.

ನೀರಿನ ನೋಟ ಆ ಸೀಮೆಯಲ್ಲಿಯೂ ಇಲ್ಲದಿಲ್ಲ. 1953ರಲ್ಲಿ ತುಂಗಭದ್ರಾ ಜಲಾಶಯ ಸಿದ್ಧವಾದಾಗ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯವರು ಮರಿಯಮ್ಮನಹಳ್ಳಿಗೆ ಬಂದು ನೆಲೆಸಿದರು. ಯಾವ ಊರು ನಿಮಗೆ ಒಪ್ಪಿಗೆ, ಯಾವುದು ಹೆಚ್ಚು ಪ್ರಶಾಂತ ಎಂಬ ಪ್ರಶ್ನೆ ಅವರ ಬದುಕಿನಲ್ಲಿ ಏಳಲಿಲ್ಲ. ಆಯ್ಕೆ ಎಂಬ ಪದಾರ್ಥವನ್ನು ಈ ನಾಡು ಎಲ್ಲರಿಗೂ ಒಂದೇ ಅಳತೆಯಲ್ಲಿ ಹಂಚಿಲ್ಲ.

ಈ ಹಂಬಲವನ್ನು ಉಳ್ಳವರ ಹುಚ್ಚೆಂದು ನಕ್ಕು ಬಿಡಬಹುದಿತ್ತು, 2020ರ ವರೆಗೆ. ಅದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಸತ್ಯಾಗ್ರಹ ಹೂಡಿ ಲಾಠಿಯೇಟು ತಿಂದರು, ಸೆರೆಮನೆ ಸೇರಿದರು. ಆ ಹೋರಾಟದ ಹಾದಿಯಲ್ಲಿಯೇ 1961ರ ಭೂಸುಧಾರಣಾ ಕಾಯ್ದೆಯೂ ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯೂ ಬಂದವು. ಬೇಸಾಯಗಾರರಲ್ಲದವರೂ ಬೇರೆ ಆದಾಯ ಮಿತಿ ಮೀರಿದವರೂ ಸಾಗುವಳಿ ಜಮೀನು ಕೊಳ್ಳದಂತೆ ಕಾಯ್ದೆಯ 79-ಎ, 79-ಬಿ ಕಲಮುಗಳು ಬೇಲಿ ಹಾಕಿದ್ದವು. ಬೇಲಿಯಲ್ಲಿ ಕಂಡಿಗಳಿದ್ದವು, ನಿಜ; ಆದರೂ ಬೇಲಿ ಬೇಲಿಯೇ. 2020ರ ತಿದ್ದುಪಡಿ ಅದನ್ನು ಬುಡಸಹಿತ ಕಿತ್ತಿತು. ನಡುಗಡ್ಡೆಯ ಜಮೀನನ್ನೂ ಕೂಡ್ಲಿಗಿಯ ಒಣಭೂಮಿಯನ್ನೂ ಇಂದು ದುಡ್ಡಿದ್ದವರು ಯಾರಾದರೂ ಕೊಳ್ಳಬಹುದು. ಸಾಲದಲ್ಲಿ ಮುಳುಗಿ ಗುಳೆ ಹೊರಟವನ ಮನೆಗೆ ದಲ್ಲಾಳಿ ಬರಲು ಈಗ ಯಾವ ಅಡ್ಡಿಯೂ ಇಲ್ಲ.

ಜನ ಬಂದರೆ ಹಳ್ಳಿ ಉಳಿಯುವುದಿಲ್ಲವೇ, ಮುಚ್ಚುವ ಶಾಲೆ ತೆರೆಯುವುದಿಲ್ಲವೇ ಎಂದು ವಾದಿಸುವವರಿದ್ದಾರೆ. ಮೈ ಬಗ್ಗಿಸಿ ಬೇಸಾಯ ಕಲಿತು ಊರಿನವರಾದವರು ಕೆಲವರು ಇದ್ದಾರೆ; ಅವರ ಮೇಲೆ ಯಾರ ತಕರಾರೂ ಇಲ್ಲ. ಆದರೆ ನಿಶ್ಶಬ್ದಕ್ಕಾಗಿ ಬಂದವರು ತಂತಿ ಬೇಲಿ ಸುತ್ತುತ್ತಾರೆ. ಆ ಬೇಲಿ ದನ ಗೋಮಾಳಕ್ಕೆ ಹೋಗುವ ದಾರಿಯನ್ನು ಮುಚ್ಚುತ್ತದೆ. ಮಲೆನಾಡಿನಲ್ಲಿ ತೋಟಕ್ಕೆ ಅಂಟಿಕೊಂಡ ಸೊಪ್ಪಿನಬೆಟ್ಟವಿರುತ್ತದೆ. ಬೆಟ್ಟದ ಸೊಪ್ಪು ಕೊಟ್ಟಿಗೆಗೆ, ಕೊಟ್ಟಿಗೆಯ ಗೊಬ್ಬರ ಅಡಿಕೆಯ ಬುಡಕ್ಕೆ ಬರುವ ಈ ಸರಪಳಿಯಲ್ಲಿ ದನವಿಲ್ಲದ ಒಡೆಯನ ಕೊಂಡಿ ಕಳಚಿಕೊಳ್ಳುತ್ತದೆ. ಬಯಲುಸೀಮೆಯಲ್ಲಿ ಹಾನಿ ಇನ್ನೂ ಬೇಗ ಕಾಣುತ್ತದೆ. ಅಲ್ಲಿ ತೆಳುವಾದ ಕೆಂಪು ಮಣ್ಣಿನ ಕೆಳಗೆ ಗಟ್ಟಿ ಬಂಡೆ. ನೀರು ನಿಲ್ಲುವುದು ಬಂಡೆಯ ಬಿರುಕಿನಲ್ಲಿ. ಒಬ್ಬ ಹುಲ್ಲುಹಾಸಿಗಾಗಿ ಆಳಕ್ಕೆ ಕೊರೆದರೆ ಅದೇ ಬಿರುಕನ್ನು ನಂಬಿದ ಪಕ್ಕದ ಹೊಲದ ಬೋರು ಬತ್ತುತ್ತದೆ. ಆ ಹೊಲದವನು ಮುಂದಿನ ವರ್ಷ ಕಾಫಿ ತೋಟದ ಲೈನಿಗೆ ಬಂದು ಸೇರುತ್ತಾನೆ, ಊರು ಇನ್ನಷ್ಟು ನಿಶ್ಶಬ್ದವಾಗುತ್ತದೆ.

ನೆಲೆ ಆರಿಸುವುದನ್ನು ಹಕ್ಕಿಗಳಿಂದ ಕಲಿಯಬೇಕು. ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದ ಕೆರೆಯಲ್ಲಿ ನೀರು ಸುತ್ತುವರಿದ ಜಾಲಿ ಮರಗಳೇ ಸಾವಿರಾರು ಬಣ್ಣದ ಕೊಕ್ಕರೆ, ಬಾಯ್ಕಳಕ, ಹಾವಕ್ಕಿಗಳಿಗೆ ನಡುಗಡ್ಡೆ. ಅಲ್ಲಿ ಮೌನವೆಂಬುದೇ ಇಲ್ಲ. ಮರಿಗಳ ಗಲಾಟೆ ದಡಕ್ಕೆ ಕೇಳಿಸುತ್ತದೆ. ಹಕ್ಕಿ ನೋಡುವುದು ನೀರನ್ನು, ಮೀನನ್ನು, ಮನುಷ್ಯರ ನಡತೆಯನ್ನು. ಅವು ನೆಲೆಸಿದ್ದು ಊರಿನವರು ಸಹಿಸಿದ್ದರಿಂದ, ಕಾಯ್ದದ್ದರಿಂದ. 98 ಹೆಕ್ಟೇರಿನ ಆ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಈಗ ಅದರ ದಡವೂ ನೋಟದ ಜಾಗವಾಗುವ ಅಪಾಯ ಬಂದಿದೆ ಎಂಬುದನ್ನು ಊರಿನವರು ಮರೆಯಬಾರದು.

ಜಮೀನಿನ ಮಾರಾಟ ತಡೆಯುವ ಅಧಿಕಾರ ಗ್ರಾಮಸಭೆಗಿಲ್ಲ. ಆದರೆ ಗೋಮಾಳ, ಬಂಡಿದಾರಿ, ಕೆರೆಯಂಗಳ, ಸೊಪ್ಪಿನಬೆಟ್ಟ ಇವು ಮಾರಾಟದ ಸರಕಲ್ಲವೆಂದು ಸರ್ವೆ ನಂಬರು ಸಹಿತ ನಿರ್ಣಯ ಬರೆಸಲು ಯಾರ ಅಪ್ಪಣೆಯೂ ಬೇಕಿಲ್ಲ. ತುಮರಿಯಲ್ಲಿ ಸೇತುವೆ ತೆರೆದಾಗಿದೆ, ಕಾರುಗಳು ದಾಟುತ್ತಿವೆ; ಅಲ್ಲಿ ಈ ಕೆಲಸ ಮೊದಲು ಆಗಬೇಕು. ಕೂಡ್ಲಿಗಿ, ಹರಪನಹಳ್ಳಿಗಳ ಕಡೆ ಗುಳೆ ಹೋದವರು ಕೊಟ್ಟೂರೇಶ್ವರನ ತೇರಿಗೋ ಯುಗಾದಿಗೋ ಊರಿಗೆ ಮರಳುತ್ತಾರೆ. ಸಭೆಯನ್ನು ಆ ದಿನಗಳಲ್ಲಿಯೇ ಕರೆಯಬೇಕು, ಬೀಗ ಜಡಿದ ಮನೆಗಳ ಮುಂದೆ ಅಲ್ಲ.