ಸೊಂಟದ ನೋವೂ ಕರ್ಮದ ಮಾತೂ

ಸೊಂಟದ ಕೀಲು ಸವೆದ ಹಿರಿಯರಿಗೆ ವೈದ್ಯರು ಶಸ್ತ್ರಚಿಕಿತ್ಸೆಯನ್ನು ಸೂಚಿಸಿದಾಗ ಜೈನ ಮನೆಗಳಲ್ಲಿ ಕೇಳಿಬರುವ ಮಾತೊಂದಿದೆ: ‘ಅಸಾತಾವೇದನೀಯದ ಉದಯ, ಅನುಭವಿಸಿಯೇ ತೀರಬೇಕು.’ ಮಾತು ಗಂಭೀರವಾಗಿದೆ. ಆದರೆ ಅದರ ಹಿಂದೆ ಅನೇಕ ವೇಳೆ ಇರುವುದು ಕತ್ತಿಯ ಭಯ, ಇಲ್ಲವೆ ಮಕ್ಕಳಿಗೆ ಖರ್ಚಿನ ಹೊರೆಯಾಗಬಾರದೆಂಬ ಸಂಕೋಚ. ಅವೆರಡೂ ಸಹಜವೇ, ಅವುಗಳಿಗೆ ಸಿದ್ಧಾಂತದ ಹೆಸರಿಡುವುದು ಮಾತ್ರ ಸರಿಯಲ್ಲ.

ರೋಗವು 22 ಪರೀಷಹಗಳಲ್ಲಿ ಒಂದೆಂಬುದು ನಿಜ. ಆದರೆ ಪರೀಷಹಜಯವು ಮುಖ್ಯವಾಗಿ ಮುನಿಧರ್ಮದ ಮಾತು. ಆ ಮುನಿಗಳೂ ಆಹಾರದ ವೇಳೆಯಲ್ಲಿ ಶ್ರಾವಕರು ನೀಡಿದ ಶುದ್ಧ ಔಷಧವನ್ನು ಸ್ವೀಕರಿಸುವುದುಂಟು. ಶ್ರಾವಕನ ಚತುರ್ವಿಧ ದಾನಗಳಲ್ಲಿ ಔಷಧದಾನವೂ ಒಂದು. ಕೊಡುವುದು ಪುಣ್ಯವಾದರೆ, ಪಡೆಯುವುದು ದೌರ್ಬಲ್ಯವಾಗುವುದು ಹೇಗೆ?

ಸವೆದ ಕೀಲಿನ ಮೃದ್ವಸ್ಥಿ ಮಾತ್ರೆಯಿಂದ ಮರಳಿ ಬೆಳೆಯದು. ಮೊದಲು ಬಸದಿಯ ಪ್ರದಕ್ಷಿಣೆ ತಪ್ಪುತ್ತದೆ, ಆಮೇಲೆ ಮೆಟ್ಟಿಲು, ಕೊನೆಗೆ ನಿದ್ರೆ. ಜಪಮಾಲೆ ಕೈಯಲ್ಲಿದ್ದರೂ ಮನಸ್ಸು ಸೊಂಟದಲ್ಲಿಯೇ ನೆಟ್ಟಿರುತ್ತದೆ. ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯವು ಆರ್ತಧ್ಯಾನದ ನಾಲ್ಕು ಬಗೆಗಳಲ್ಲಿ ವೇದನೆಯ ಚಿಂತನೆಯನ್ನೂ ಎಣಿಸಿದೆ. ಸಮಭಾವವಿಲ್ಲದೆ ನರಳುತ್ತ ಕಳೆದ ರಾತ್ರಿಯಿಂದ ನಿರ್ಜರೆಯಾಗದು, ಹೊಸ ಬಂಧವೇ ಆಗುತ್ತದೆ.

ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಸಲ್ಲೇಖನೆಗೆ ಉಪಸರ್ಗ, ದುರ್ಭಿಕ್ಷ, ಮುಪ್ಪು, ರೋಗ ಎಂಬ ಕಾರಣಗಳನ್ನು ಹೇಳುವಾಗ ‘ನಿಷ್ಪ್ರತೀಕಾರ’ ಎಂಬ ವಿಶೇಷಣವನ್ನು ಸೇರಿಸಿದ್ದಾರೆ. ಎಂದರೆ, ಪರಿಹಾರವೇ ಇಲ್ಲದಂಥದು. ಅವರ ಜೀವನದ ಬಗೆಗಿರುವ ಕಥೆಯೂ ಇದನ್ನೇ ಹೇಳುತ್ತದೆ: ಭಸ್ಮಕವ್ಯಾಧಿಯಿಂದ ಬಳಲಿ ಸಲ್ಲೇಖನೆಯನ್ನು ಬೇಡಿದಾಗ ಗುರುಗಳು ಒಪ್ಪಲಿಲ್ಲ, ಮೊದಲು ರೋಗವನ್ನು ಕಳೆದುಕೊಂಡು ಬರುವಂತೆ ಆಜ್ಞಾಪಿಸಿದರು. ಹೃದಯದ ದೌರ್ಬಲ್ಯದಿಂದ ಶಸ್ತ್ರಚಿಕಿತ್ಸೆ ಸಲ್ಲದೆಂದು ವೈದ್ಯರೇ ಹೇಳಿದವರ ವಿಷಯ ಬೇರೆ. ಅಂಥವರು ಸಮಭಾವದಿಂದ ಸಹಿಸುವುದು ತಪಸ್ಸೇ ಸರಿ.

ನಿಜವಾಗಿ ವಿಚಾರಿಸಬೇಕಾದ ಪ್ರಶ್ನೆ ಮತ್ತೊಂದಿದೆ, ಅದನ್ನು ಕೇಳುವವರು ಕಡಿಮೆ. ಈ ಶಸ್ತ್ರಚಿಕಿತ್ಸೆಯ ಬಳಿಕ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ವರ್ಗದ ಚುಚ್ಚುಮದ್ದುಗಳನ್ನು ಸಾಮಾನ್ಯವಾಗಿ ಹಂದಿಯ ಕರುಳಿನಿಂದ ತಯಾರಿಸುತ್ತಾರೆ. ಅನೇಕ ಕ್ಯಾಪ್ಸೂಲುಗಳ ಹೊದಿಕೆಯೂ ಪ್ರಾಣಿಜನ್ಯ. ಕೃತಕವಾಗಿ ತಯಾರಾದ ಬದಲಿ ಮದ್ದುಗಳಿವೆ. ಅವು ತಮಗೆ ಹೊಂದುತ್ತವೆಯೇ ಎಂದು ಆಸ್ಪತ್ರೆಗೆ ಸೇರುವ ಮುನ್ನವೇ ವೈದ್ಯರನ್ನು ಕೇಳಬೇಕು. ಮಾಂಸ, ಮದ್ಯ, ಜೇನನ್ನು ವರ್ಜಿಸಿ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನೇ ರಚಿಸಿದ ಉಗ್ರಾದಿತ್ಯಾಚಾರ್ಯರ ಪರಂಪರೆಯವರು ಇಷ್ಟು ಕೇಳಲು ಅಂಜಬೇಕಾಗಿಲ್ಲ. ರಾತ್ರಿಭೋಜನತ್ಯಾಗದ ನಿಯಮವುಳ್ಳವರು ಮಾತ್ರೆಯ ವೇಳೆಯನ್ನೂ ಆಗಲೇ ಗೊತ್ತುಮಾಡಿಕೊಳ್ಳಬಹುದು.

ಕೀಲು ಬದಲಾದ ಮೇಲೆ ನೆಲದ ಮೇಲೆ ಕಾಲು ಮಡಚಿ ಕೂರಬಾರದೆಂದು ಅನೇಕರಿಗೆ ಹೇಳುತ್ತಾರೆ. ಪದ್ಮಾಸನ ತಪ್ಪಿತೆಂದು ಕೊರಗುವವರುಂಟು. ಸಾಮಾಯಿಕಕ್ಕೆ ಕುರ್ಚಿಯಾದರೂ ಆದೀತು. ಕಾಯೋತ್ಸರ್ಗವನ್ನಂತೂ ನಿಂತೇ ಮಾಡಬಹುದು. ಬೆಳಗೊಳದ ಬಾಹುಬಲಿಯೂ ನಿಂತೇ ಇದ್ದಾನೆ.